ಟೀವಿಯೊಳಗಿನ ಅಖಾಡ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಎರಡು ಬಗೆಯ ಕುಸ್ತಿ ಗೊತ್ತು: ಊರಿನ ಮಣ್ಣಿನ ಅಖಾಡದ ಜಂಗಿ ನಿಕಾಲಿ, ಇನ್ನೊಂದು ಟೀವಿಯದ್ದು. ಜಂಗಿ ನಿಕಾಲಿಯಲ್ಲಿ ಅಂಕಗಳ ಲೆಕ್ಕವಿಲ್ಲ. ಒಬ್ಬ ಪೈಲ್ವಾನನ ಬೆನ್ನು ಮಣ್ಣಿಗೆ ಹತ್ತುವ ತನಕ ಪಟ್ಟು ಸಡಿಲುವುದಿಲ್ಲ. ಟೀವಿ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಬರೆದಿಟ್ಟಿರುತ್ತಾರೆ. ಆದರೂ ಅಂಡರ್‌ಟೇಕರ್ ಎಂಬ ಟೀವಿ ಪೈಲ್ವಾನ ಬಂದರೆ ತಟ್ಟೆಯ ರೊಟ್ಟಿ ಆರಿ ಹೋಗುತ್ತಿತ್ತು. ಅದನ್ನು ಸುಳ್ಳು ಕುಸ್ತಿ ಎಂದು ಹೀಗಳೆಯುವವರನ್ನು ನಾನು ಒಪ್ಪುವುದಿಲ್ಲ. 1998ರಲ್ಲಿ ಇದೇ ಟೀವಿ ಕುಸ್ತಿಯ ಪೈಲ್ವಾನ ಮ್ಯಾನ್‌ಕೈಂಡ್ ಕಬ್ಬಿಣದ ಪಂಜರದ ಮೇಲಿಂದ ಬಿದ್ದನಲ್ಲ, ಆ ಪೆಟ್ಟು ನಿಜವಾದದ್ದೇ. ಟೀವಿ ಕುಸ್ತಿ ನೋಡಿದ ಮರುದಿನ ಶಾಲೆಯಲ್ಲಿ ಆ ಪೈಲ್ವಾನರ ಟ್ರಂಪ್ ಕಾರ್ಡ್ ಹಿಡಿದು ಎತ್ತರ, ತೂಕ, ಎದೆಯ ಅಳತೆಗೆ ಜಗಳ!

ರಜೆಯಲ್ಲಿ ಅದೇ ಟೀವಿಗೆ ಗೇಮ್ ಯಂತ್ರಗಳನ್ನು ಜೋಡಿಸುತ್ತಿದ್ದೆವು. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ಅಗ್ಗದ ನಕಲುಗಳವು. ಆಟ ಮೂಡದಿದ್ದರೆ ಕ್ಯಾಸೆಟ್ಟಿಗೆ ಊದುತ್ತಿದ್ದೆವು. ಸರಿಹೋಗುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಕೂರಿಸಿದ್ದರಿಂದ; ಉಸಿರಿನ ತೇವ ಲೋಹದ ಪಟ್ಟಿಗಳನ್ನು ಕೆಡಿಸುತ್ತಿತ್ತು. ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಇದ್ದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ ನೋಡಿ. 1984ರ ಬೈಕ್ ಓಟದ ಆಟ ಎಕ್ಸೈಟ್‌ಬೈಕ್‌ನಲ್ಲಿ ಅವಸರಪಟ್ಟವರ ಗಾಡಿ ಈಗಲೂ ಮಗುಚುತ್ತದೆ.