ಗಣಕಯಂತ್ರದ ತಿರುಳಿನ ಲೋಪ: ದುರಸ್ತಿಯ ಉಳಿದರ್ಧ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



2017ರ ಮೇ ತಿಂಗಳಿನಲ್ಲಿ ನೆರೆಯ ಕೇರಳದ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರಗಳಲ್ಲಿ ಕಡತಗಳು ತೆರೆಯದಾದವು. ಬದಲಿಗೆ, 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ತೆತ್ತರೆ ಮಾತ್ರ ಕಡತಗಳ ಬೀಗ ತೆಗೆಯುವುದಾಗಿ ಬೆದರಿಕೆಯ ಸಂದೇಶ ಕಾಣಿಸಿತು. ‘ವನ್ನಾಕ್ರೈ’ ಎಂಬ ಈ ಕುತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಗಣಕಯಂತ್ರಗಳಿಗೆ ಹರಡಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳ ಪೈಕಿ ಕನಿಷ್ಠ 81 ಬಾಧಿತವಾಗಿ, ಸಾವಿರಾರು ರೋಗಿಗಳ ತಪಾಸಣೆ ರದ್ದಾಯಿತು.

ದಾಳಿ ಆರಂಭವಾದದ್ದು ಮೇ 12ರಂದು. ಈ ಲೋಪವನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ನಡುವೆ 59 ದಿನಗಳ ಅವಕಾಶವಿತ್ತು. ಸದಸ್ಯರು ಗಮನಿಸಬೇಕಾದ ಸಂಗತಿ ಇದೇ.

ಲೋಪವಿದ್ದದ್ದು ‘ಕರ್ನಲ್’ ಎಂಬಲ್ಲಿ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ತೆರಿಗೆ ರಸೀದಿ ನೀಡುವ ತಂತ್ರಾಂಶವಾಗಲಿ, ಪತ್ರ ಬರೆಯುವ ತಂತ್ರಾಂಶವಾಗಲಿ ಡಿಸ್ಕ್, ಮೆಮೊರಿ, ಪ್ರಿಂಟರ್‌ಗಳನ್ನು ಕರ್ನಲ್‌ನ ಮೂಲಕವೇ ಬಳಸಬೇಕು. ಕೆರೆಯ ತೂಬಿನ ಬಳಿ ನಿಂತು ಯಾವ ಗದ್ದೆಗೆ ಎಷ್ಟು ನೀರೆಂದು ನಿರ್ಧರಿಸುವ ನೀರುಗಂಟಿಯ ಕೆಲಸ ಅದರದು. ಕಾಲುವೆಯೊಂದು ಒಡೆದರೆ ಒಂದೆರಡು ಗದ್ದೆ ಕೆಡಬಹುದು. ತೂಬೇ ಪರರ ಕೈಸೇರಿದರೆ ಅಚ್ಚುಕಟ್ಟೆಲ್ಲವೂ ಅವರ ವಶವಾಗುತ್ತದೆ.

ವಿಂಡೋಸ್‌ನಲ್ಲಿ ಕಡತಗಳನ್ನು ಹಂಚಿಕೊಳ್ಳುವ ಹಳೆಯ ಏರ್ಪಾಡೊಂದು ಕರ್ನಲ್‌ನ ಒಳಗೇ ಕೆಲಸ ಮಾಡುತ್ತಿತ್ತು. ಹೊರಗಿನಿಂದ ಬಂದ ಪಟ್ಟಿಯ ಗಾತ್ರವನ್ನು ಅದು 32 ಬಿಟ್‌ಗಳ ಸಂಖ್ಯೆಯಾಗಿ ಓದುತ್ತಿದ್ದರೂ, ತಿದ್ದುವಾಗ 16 ಬಿಟ್‌ಗಳನ್ನಷ್ಟೇ ಬದಲಿಸುತ್ತಿತ್ತು. ಇದರಿಂದ ಲೆಕ್ಕ ತಪ್ಪಿ, ಕಾದಿರಿಸಿದ ಸ್ಥಳಕ್ಕಿಂತ ತುಂಬಿದ ಮಾಹಿತಿ ಹೆಚ್ಚಾಯಿತು. ಐದು ಪಲ್ಲದ ಕಣಜಕ್ಕೆ ಹತ್ತು ಪಲ್ಲ ಸುರಿದಂತೆ ಮಿಕ್ಕದ್ದು ಪಕ್ಕದ ಸ್ಥಳಕ್ಕೆ ಚೆಲ್ಲಿತು. ದಾಳಿಕೋರರು ಈ ದಾರಿಯಲ್ಲಿ ತಮ್ಮ ಆದೇಶಗಳನ್ನು ಒಳಸೇರಿಸಿದರು. ಕರ್ನಲ್ ಅವುಗಳನ್ನು ತನ್ನವೆಂದೇ ಪಾಲಿಸಿತು. ಸಿಬ್ಬಂದಿ ಯಾವ ಗುಂಡಿಯನ್ನೂ ಒತ್ತದಿದ್ದರೂ ಸೋಂಕು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹರಡಿತು.

ಇಂತಹ ಲೋಪದ ದುರಸ್ತಿಗೆ ಎರಡು ಭಾಗಗಳಿವೆ. ತಪ್ಪು ಲೆಕ್ಕವನ್ನು ತಿದ್ದಿ, ಪರೀಕ್ಷಿಸಿ, ಬಿಡುಗಡೆ ಮಾಡುವುದು ತಂತ್ರಜ್ಞರ ಕೆಲಸ. ಅದನ್ನು ಪ್ರತಿಯೊಂದು ಯಂತ್ರಕ್ಕೂ ಅಳವಡಿಸುವುದು ಆಯಾ ಕಚೇರಿಯ ಕೆಲಸ. ಯಂತ್ರ ಚಾಲನೆಯಲ್ಲಿರುವಷ್ಟು ಹೊತ್ತೂ ಹಳೆಯ ಕರ್ನಲ್ಲೇ ಓಡುತ್ತಿರುವುದರಿಂದ, ಸಾಮಾನ್ಯವಾಗಿ ರೀಸ್ಟಾರ್ಟ್ ಮಾಡಿದ ಬಳಿಕವಷ್ಟೇ ತಿದ್ದುಪಡಿ ಜಾರಿಗೆ ಬರುತ್ತದೆ. ‘ಆಮೇಲೆ’ ಎಂಬ ಗುಂಡಿಯನ್ನು ದಿನವೂ ಒತ್ತುತ್ತಿದ್ದರೆ ಲೋಪ ಹಾಗೆಯೇ ಉಳಿಯುತ್ತದೆ. ತಿದ್ದುಪಡಿ ಪ್ರಕಟವಾದೊಡನೆ ಹಳೆಯ, ಹೊಸ ಪ್ರತಿಗಳನ್ನು ಹೋಲಿಸಿ ಲೋಪ ಎಲ್ಲಿತ್ತೆಂದು ದುಷ್ಕರ್ಮಿಗಳೂ ಅರಿಯಬಲ್ಲರು. ಆದಕಾರಣ ವಿಳಂಬವಾದಷ್ಟೂ ಅಪಾಯ ಹೆಚ್ಚುತ್ತದೆ.

ಕಾಲ ಮೀರಿದ ಆವೃತ್ತಿಗಳ ಸ್ಥಿತಿ ಇನ್ನೂ ಕಷ್ಟ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿತು. ಬೆಂಬಲವಿಲ್ಲದ ಯಂತ್ರದಲ್ಲಿ ಮುಂದೆ ಕಂಡುಬರುವ ಲೋಪಗಳಿಗೆ ಸಾಮಾನ್ಯವಾಗಿ ತಿದ್ದುಪಡಿ ಬರುವುದಿಲ್ಲ.

ಇ-ಸ್ವತ್ತು, ಬಾಪೂಜಿ ಸೇವಾ ಕೇಂದ್ರದ ಸೇವೆಗಳೆಲ್ಲವೂ ಕಚೇರಿಯ ಗಣಕಯಂತ್ರವನ್ನೇ ಅವಲಂಬಿಸಿವೆ. ಅದಕ್ಕೆ ಬೀಗ ಬಿದ್ದ ದಿನ ನಮೂನೆ 9ಕ್ಕಾಗಿ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಆದ್ದರಿಂದ ಸದಸ್ಯರು ತಂತ್ರಜ್ಞರಾಗಬೇಕಿಲ್ಲ. ಸಾಮಾನ್ಯ ಸಭೆಯಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸಿದರೆ ಸಾಕು:

1. ಕಚೇರಿಯಲ್ಲಿರುವ ಪ್ರತಿ ಯಂತ್ರದ ಆಪರೇಟಿಂಗ್ ಸಿಸ್ಟಂ ಯಾವುದು? ಅದಕ್ಕೆ ಬೆಂಬಲ ಇನ್ನೂ ಇದೆಯೇ?
2. ಕಡೆಯ ಅಪ್‌ಡೇಟ್ ಯಾವ ದಿನಾಂಕದಂದು ಅಳವಡಿಕೆಯಾಗಿದೆ? ಬಳಿಕ ಯಂತ್ರವನ್ನು ರೀಸ್ಟಾರ್ಟ್ ಮಾಡಲಾಗಿದೆಯೇ?
3. ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಇಡಲಾಗಿದೆಯೇ? ಜೋಡಿಸಿಯೇ ಬಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ.
4. ಹಳೆಯ ಯಂತ್ರಗಳ ಬದಲಾವಣೆಗೆ ಆಯವ್ಯಯದಲ್ಲಿ ಅವಕಾಶ ಕಲ್ಪಿಸಲಾಗಿದೆಯೇ?

ದಾಳಿ ನಡೆದಿದೆ ಎನಿಸಿದಲ್ಲಿ ಕೂಡಲೇ ಯಂತ್ರದ ಜಾಲ ಸಂಪರ್ಕ ಕಡಿದು, ತಾಲ್ಲೂಕು ಪಂಚಾಯಿತಿಗೆ ತಿಳಿಸಬೇಕು. 2022ರ ಏಪ್ರಿಲ್ 28ರ ನಿರ್ದೇಶನದಂತೆ ಸರ್ಕಾರಿ ಸಂಸ್ಥೆಗಳು ಇಂತಹ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ‘ಸರ್ಟ್-ಇನ್’ ಸಂಸ್ಥೆಗೆ ವರದಿ ಮಾಡುವುದು ಕಡ್ಡಾಯ. ಹಣ ತೆತ್ತರೂ ಕಡತಗಳು ಮರಳುವ ಭರವಸೆಯಿಲ್ಲ.

ತೂಬಿನ ಬಿರುಕನ್ನು ಮಳೆಗಾಲಕ್ಕೆ ಮುನ್ನವೇ ಮುಚ್ಚುವುದು ಗ್ರಾಮಗಳಿಗೆ ತಿಳಿದಿರುವ ವಿವೇಕ. ಅದೇ ಕಾಳಜಿ ಕಚೇರಿಯ ಗಣಕಯಂತ್ರಕ್ಕೂ ದೊರೆಯಲಿ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಲಿ.