ಅಮೆರಿಕ ಒಂದು ಸಾಮ್ರಾಜ್ಯವಾ? ಬ್ಯಾಂಕ್ ಕೌಂಟರಿನಿಂದ ಒಂದು ಉತ್ತರ

(ಮಂಗಲ್ಪಾಡಿಯಲ್ಲಿ ನಮ್ಮ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ.)



ಇವತ್ತಿನ ಮಹಾಶಕ್ತಿಯನ್ನು, ಅಂದರೆ ಅಮೆರಿಕವನ್ನು, ಸಾಮ್ರಾಜ್ಯ ಎಂದು ಕರೆಯಬಹುದಾ ಎಂಬುದು ನನಗೆ ಕೊಟ್ಟ ವಿಷಯ. ನಾನು ಇತಿಹಾಸ ಓದಿದವನಲ್ಲ. ಬಿಕಾಂ ಮುಗಿಸಿ ಬ್ಯಾಂಕಿಗೆ ಸೇರಿದ ಕ್ಲರ್ಕ್. ಹಾಗಾಗಿ ಕೌಂಟರಿನಿಂದಲೇ ಶುರು ಮಾಡ್ತೇನೆ.

ಕೆಲವು ವರ್ಷದ ಹಿಂದೆ ಒಬ್ಬರು ಉಮ್ಮ ದಿನಾ ನನ್ನ ಕೌಂಟರಿಗೆ ಬರುತ್ತಿದ್ದರು. ಮಗ ದುಬೈಯಲ್ಲಿ. ಆಸ್ಪತ್ರೆ ಖರ್ಚಿಗೆಂದು ಅವನು ಕಳಿಸಿದ ದುಡ್ಡು ಬಂದಿರಲಿಲ್ಲ. "ಮೋನೇ, ಇವತ್ತಾದರೂ ಬಂತಾ?" ಎಂದು ಕೇಳುವುದು, ನಾನು "ನಾಳೆ ನೋಡುವ ಉಮ್ಮಾ" ಎನ್ನುವುದು. ವಿಚಾರಿಸಿದಾಗ ಗೊತ್ತಾಯಿತು: ಮಗನ ಹೆಸರು ಒಂದು ನಿರ್ಬಂಧ ಪಟ್ಟಿಯಲ್ಲಿದ್ದ ಹೆಸರಿಗೆ ಹೋಲುತ್ತದೆ, ಅದಕ್ಕೆ ತಡೆದಿದ್ದಾರೆ. ಪಟ್ಟಿ ಯಾರದ್ದು? ಅಮೆರಿಕದ ಖಜಾನೆ ಇಲಾಖೆಯದ್ದು. ಕಳಿಸಿದವನು ದುಬೈಯಲ್ಲಿ, ತೆಗೆದುಕೊಳ್ಳುವವರು ಉಪ್ಪಳದಲ್ಲಿ. ನಡುವೆ ವಾಷಿಂಗ್ಟನ್ ಎಲ್ಲಿಂದ ಬಂತು?

ಸಾಮ್ರಾಜ್ಯ ಅಂದರೆ ನಮಗೆ ನೆನಪಾಗುವುದು ನೆಲ, ಬಾವುಟ, ಕಂದಾಯ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ನಮ್ಮ ಈ ನೆಲ ಕಂಪನಿಯ ಕೈಗೆ ಹೋಯಿತು, ಕೆನರಾಕ್ಕೆ ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಅದು ಸಾಮ್ರಾಜ್ಯ, ಅದರಲ್ಲಿ ಸಂಶಯ ಇಲ್ಲ. ಆ ಲೆಕ್ಕದಲ್ಲಿ ಅಮೆರಿಕದ್ದು ಸಣ್ಣದು. 1898ರಲ್ಲಿ ಸ್ಪೇನಿನಿಂದ ಪಡೆದ ಪೋರ್ಟೊ ರಿಕೊ ಮತ್ತು ಗುವಾಮ್ ಇವತ್ತಿಗೂ ಅದರ ಕೈಯಲ್ಲಿವೆ. ಅಲ್ಲಿ ವಾಸ ಇರುವವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಇಲ್ಲ. ಆದರೆ ಅದು ಜಗತ್ತನ್ನು ಆಳುವಷ್ಟು ನೆಲ ಅಲ್ಲ.

ಹಾಗಾದರೆ ಪ್ರಶ್ನೆ ಮುಗಿಯಿತಾ? ಇಲ್ಲ. ನಮ್ಮ ಪಕ್ಕದ ಸುಳ್ಯದ ಕತೆ ನೆನಪಿಸಿಕೊಳ್ಳಿ. 1834ರಲ್ಲಿ ಕಂಪನಿ ಕೊಡಗನ್ನು ಹಿಡಿದು, ಕೊಡಗಿನ ರಾಜನಿಗೆ ಸೇರಿದ್ದ ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದವರು. ಕಂಪನಿ ನಗದು ಕೇಳಿತು. ಕೇಳಲು ಸಣ್ಣ ಬದಲಾವಣೆ, ಅಲ್ವಾ? ಆದರೆ ಯೋಚನೆ ಮಾಡಿ. ಗದ್ದೆ ನಿಮ್ಮದು, ಭತ್ತ ನಿಮ್ಮದು, ನಾಣ್ಯ ಮಾತ್ರ ಅವರದ್ದು. ಕೊಯ್ಲಾದ ಕೂಡಲೇ ಎಲ್ಲರೂ ಒಟ್ಟಿಗೆ ಮಾರಲೇಬೇಕು, ಬೆಲೆ ಬೀಳ್ತದೆ, ಸಾಲ ಏರ್ತದೆ. 1837ರಲ್ಲಿ ಜನ ದಂಗೆ ಎದ್ದು ಮಂಗಳೂರಿನವರೆಗೆ ಹೋದದ್ದಕ್ಕೆ ಇದೊಂದು ದೊಡ್ಡ ಕಾರಣ. ಹಿಡಿತ ಇದ್ದದ್ದು ನೆಲದ ಮೇಲೆ ಮಾತ್ರ ಅಲ್ಲ, ಯಾವ ನಾಣ್ಯದಲ್ಲಿ ಕೊಡಬೇಕು ಎಂಬುದರ ಮೇಲೂ.

ಈಗ ನಮ್ಮ ಕಾಲಕ್ಕೆ ಬರುವ. ತಲಪಾಡಿ ದಾಟಿ ಸುರತ್ಕಲ್ ಕಡೆ ಹೋದರೆ ಎಂಆರ್‌ಪಿಎಲ್ ಚಿಮಣಿ ಕಾಣ್ತದಲ್ಲ, ಆ ಕಾರ್ಖಾನೆ ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿ ಆಗಿತ್ತು. 2018ರಲ್ಲಿ ಅಮೆರಿಕ ಇರಾನಿನ ಜೊತೆಗಿನ ಅಣು ಒಪ್ಪಂದದಿಂದ ಹೊರಬಂದು ಮತ್ತೆ ನಿರ್ಬಂಧ ಹಾಕಿತು. ಭಾರತಕ್ಕೆ ಆರು ತಿಂಗಳ ವಿನಾಯಿತಿ ಸಿಕ್ಕಿತು. 2019ರ ಮೇ ತಿಂಗಳಲ್ಲಿ ಅದು ಮುಗಿಯಿತು, ಇರಾನಿನ ತೈಲ ತರಿಸುವುದೂ ನಿಂತಿತು. ನಮ್ಮ ಸಂಸತ್ತು ನಿಷೇಧ ಹಾಕಿರಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲಿ ಆ ಒಪ್ಪಂದವನ್ನು ಅನುಮೋದಿಸಿತ್ತು. ಮಂಗಳೂರಿಗೆ ಒಬ್ಬ ಸೈನಿಕನೂ ಬರಲಿಲ್ಲ. ಆದರೂ ಹಡಗು ನಿಂತಿತು.

ಹೇಗೆ? ಇದು ನಮ್ಮ ಕಸುಬಿನ ವಿಷಯ, ಹೇಳ್ತೇನೆ. ಡಾಲರಿನಲ್ಲಿ ವ್ಯವಹಾರ ಮಾಡುವ ಬ್ಯಾಂಕುಗಳು ಅಮೆರಿಕದ ಬ್ಯಾಂಕುಗಳಲ್ಲಿ ಖಾತೆ ಇಟ್ಟಿರುತ್ತವೆ. ನೋಸ್ಟ್ರೊ ಖಾತೆ ಎನ್ನುತ್ತೇವೆ. ದುಬೈಯಿಂದ ಮುಂಬೈಗೆ ಡಾಲರ್ ಹೋದರೂ ಲೆಕ್ಕ ಚುಕ್ತಾ ಆಗುವುದು ಹೆಚ್ಚಾಗಿ ನ್ಯೂಯಾರ್ಕಿನಲ್ಲಿ. ಆ ಖಾತೆ ಮುಚ್ಚಿದರೆ ಬ್ಯಾಂಕಿನ ಅರ್ಧ ಉಸಿರು ನಿಂತ ಹಾಗೆ. ಅದಕ್ಕೆ ಎಲ್ಲರೂ ಹೆದರುತ್ತಾರೆ. 2014ರಲ್ಲಿ ಬಿಎನ್‌ಪಿ ಪರಿಬಾ ಎಂಬ ಫ್ರಾನ್ಸಿನ ಬ್ಯಾಂಕಿಗೆ ಅಮೆರಿಕ ಸುಮಾರು 890 ಕೋಟಿ ಡಾಲರ್ ದಂಡ ಹಾಕಿತು. ಸುಡಾನ್, ಇರಾನ್, ಕ್ಯೂಬಾ ಜೊತೆ ವ್ಯವಹಾರ ಮಾಡಿದ್ದು ಅದರ ತಪ್ಪು. ಬ್ಯಾಂಕ್ ಕಟ್ಟಿತು.

"ಅದು ಬಲ ಇರುವ ದೇಶ ಅಷ್ಟೇ, ಸಾಮ್ರಾಜ್ಯ ಯಾಕೆ?" ಎಂದು ನೀವು ಕೇಳಬಹುದು. ನ್ಯಾಯದ ಪ್ರಶ್ನೆ. ನನ್ನ ಹತ್ತಿರ ಎರಡು ಅಳತೆ ಉಂಟು. ಒಂದು, ನಮ್ಮನ್ನು ಮುಟ್ಟುವ ನಿರ್ಧಾರದಲ್ಲಿ ನಮಗೆ ಮಾತು ಉಂಟಾ? ಎರಡು, ಬೇಡ ಎಂದು ಹೊರಗೆ ಬರಲು ದಾರಿ ಉಂಟಾ?

ಸೈನ್ಯದ ವಿಷಯದಲ್ಲಿ ಕೆಲವೊಮ್ಮೆ ದಾರಿ ಇದೆ. 1991ರಲ್ಲಿ ಫಿಲಿಪ್ಪೀನ್ಸ್ ಸೆನೆಟ್ 12-11 ಮತದಿಂದ ಅಮೆರಿಕದ ನೆಲೆ ಬೇಡ ಎಂದಿತು. ಮರುವರ್ಷ ಅಮೆರಿಕದ ನೌಕಾಪಡೆ ಸುಬಿಕ್ ಕೊಲ್ಲಿಯಿಂದ ಹೊರಟಿತು. ಕಂಪನಿ ಸರಕಾರ ಹಾಗೆ ಹೊರಡುತ್ತಿತ್ತಾ? ಇಲ್ಲ. ಹಣದ ವಿಷಯ ಬೇರೆ. ಇರಾನಿನ ಜೊತೆ ವ್ಯಾಪಾರ ಉಳಿಸಲಿಕ್ಕೆ ಬ್ರಿಟನ್, ಫ್ರಾನ್ಸ್, ಜರ್ಮನಿ ಸೇರಿ 2019ರಲ್ಲಿ ಇನ್‌ಸ್ಟೆಕ್ಸ್ ಎಂಬ ಬೇರೆ ಪಾವತಿ ದಾರಿಯನ್ನೇ ಕಟ್ಟಿದವು. ಅದರಲ್ಲಿ ನಡೆದದ್ದು ಒಂದೇ ವ್ಯವಹಾರ. 2023ರಲ್ಲಿ ಮುಚ್ಚಿದರು. ಮೂರು ಶ್ರೀಮಂತ ದೇಶಕ್ಕೆ ಆಗದ್ದು ಆ ಉಮ್ಮನಿಗೆ ಹೇಗೆ ಆದೀತು?

ಹಾಗಾಗಿ ನನ್ನ ಉತ್ತರ: ನೆಲದಲ್ಲಿ ಅಮೆರಿಕ ಹಳೆಯ ಥರದ ಸಾಮ್ರಾಜ್ಯ ಅಲ್ಲ. ನಾಣ್ಯದಲ್ಲಿ ಹೌದು. ಅಲ್ಲಿ ನಮಗೆ ಮಾತೂ ಇಲ್ಲ, ದಾರಿಯೂ ಇಲ್ಲ.

ಇನ್ನೊಂದು ಮಾತು. ನಮ್ಮವರೇ ಕೆಲವರು ಸಿಟ್ಟಿನಲ್ಲಿ ತಿರುವನಂತಪುರವನ್ನೂ ಸಾಮ್ರಾಜ್ಯ ಎನ್ನುವುದನ್ನು ಕೇಳಿದ್ದೇನೆ. ಸಿಟ್ಟು ನನಗೂ ಉಂಟು. ಆದರೆ ಅದೇ ಅಳತೆ ಇಟ್ಟು ನೋಡಿ. ಮಂಜೇಶ್ವರಕ್ಕೆ ಶಾಸಕರಿದ್ದಾರೆ, ಸಂವಿಧಾನದಲ್ಲಿ 350ಎ ವಿಧಿ ಇದೆ, ಕೋರ್ಟು ಇದೆ. 2017ರಲ್ಲಿ ಮಲಯಾಳ ಕಡ್ಡಾಯ ಎಂದಾಗ ನಾವು ಕಾಸರಗೋಡಿನಲ್ಲಿ ಬೀದಿಗೆ ಇಳಿದೆವು, ಯಾರೂ ನಮ್ಮನ್ನು ಗಲ್ಲಿಗೆ ಹಾಕಲಿಲ್ಲ. ಮಾತು ಸಣ್ಣದಿರಬಹುದು, ಆದರೆ ಉಂಟು. ಎಲ್ಲದಕ್ಕೂ ದೊಡ್ಡ ಹೆಸರು ಇಟ್ಟರೆ ಕೈಯಲ್ಲಿರುವ ಸಣ್ಣ ಹತ್ಯಾರವನ್ನು ನಾವೇ ಮರೆತುಬಿಡ್ತೇವೆ.

ನಾಣ್ಯದ ಆಳ್ವಿಕೆ ಶಾಶ್ವತವಾ? ಒಂದು ಕಾಲದಲ್ಲಿ ಗಲ್ಫಿನಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ನೋಟು ತಂದಿತ್ತು. 1966ರಲ್ಲಿ ರೂಪಾಯಿಯ ಅಪಮೌಲ್ಯ ಆಯಿತು, ದುಬೈ ರೂಪಾಯಿಯನ್ನು ಬಿಟ್ಟಿತು. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಕಟ್ಟಿಹಾಕಿದ್ದಾರೆ. ಅಂದರೆ ಅಣ್ಣನೋ ಮಾವನೋ ಅಲ್ಲಿಂದ ಕಳಿಸುವ ಒಂದೊಂದು ದಿರ್ಹಮಿನ ಹಿಂದೆಯೂ ಡಾಲರ್ ಉಂಟು. ರೂಪಾಯಿ ಹೋದ ಹಾಗೆ ಇದೂ ಒಂದು ದಿನ ಹೋಗಬಹುದು. ಆಗ ಬರುವ ಹೊಸ ನಾಣ್ಯಕ್ಕೂ ಇದೇ ಎರಡು ಪ್ರಶ್ನೆ ಕೇಳಬೇಕು, ಅದು ಚೀನಾದ್ದಾಗಲಿ, ನಮ್ಮದೇ ಆಗಲಿ.

ಆ ಉಮ್ಮನ ದುಡ್ಡು ಒಂಬತ್ತನೇ ದಿನ ಬಂತು. ಯಾಕೆ ತಡ ಆಯಿತು ಎಂದು ಅವರಿಗೆ ಯಾರೂ ಒಂದು ಕಾಗದ ಬರೆಯಲಿಲ್ಲ. ಅವರು ನನಗೇ ಬೈದು ಹೋದರು. ಪಾಪ, ಇನ್ನು ಯಾರಿಗೆ ಬೈಯುವುದು?

ಇಷ್ಟು ನನ್ನದು. ಈಗ ನೀವು ಕೇಳಿ, ಮಾತಾಡುವ.