ಪರದೆ ಬೀಳುವ ಹೊತ್ತು ಬಲ್ಲವನು: ಅಲೆಕ್ಸಾಂಡರ್ ಡ್ಯೂಮಾ

ಡ್ಯೂಮಾ ಎಂದ ಕೂಡಲೇ ನಮಗೆ ನೆನಪಾಗುವುದು ‘ತ್ರೀ ಮಸ್ಕೆಟಿಯರ್ಸ್’, ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’. ಆದರೆ ಇವು ಬರುವ ಹೊತ್ತಿಗೆ ಅವನಿಗೆ ನಲವತ್ತು ದಾಟಿತ್ತು. ಪ್ಯಾರಿಸ್ ಅವನನ್ನು ಮೊದಲು ಕಂಡದ್ದು ನಾಟಕಕಾರನಾಗಿ. ಕಾದಂಬರಿ ಬರೆಯುವಾಗಲೂ ಅವನ ಕಣ್ಣು ರಂಗದ ಮೇಲೇ ಇತ್ತು ಅನ್ನುವುದು ನನ್ನ ಎಣಿಕೆ.

ಹುಟ್ಟಿದ್ದು 1802ರಲ್ಲಿ, ವಿಲ್ಲೇರ್-ಕೋತ್ರೆ ಎಂಬ ಸಣ್ಣ ಊರಲ್ಲಿ. ತಂದೆ ಫ್ರೆಂಚ್ ಸೇನೆಯಲ್ಲಿ ಜನರಲ್; ಇಂದಿನ ಹೈಟಿಯಲ್ಲಿ ಒಬ್ಬ ಫ್ರೆಂಚ್ ಕುಲೀನನಿಗೂ ಗುಲಾಮಳಾಗಿದ್ದ ಕಪ್ಪು ಹೆಂಗಸಿಗೂ ಹುಟ್ಟಿದವನು. ಮಗನಿಗೆ ನಾಲ್ಕು ತುಂಬುವ ಮೊದಲೇ ತೀರಿಕೊಂಡ. ಮನೆಯಲ್ಲಿ ಕಾಸಿಲ್ಲ, ಹುಡುಗನ ಓದು ಅಷ್ಟಕ್ಕಷ್ಟೆ, ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ. ಆ ಅಕ್ಷರದ ಬಲದಿಂದಲೇ ಪ್ಯಾರಿಸ್ಸಿನಲ್ಲಿ ಆರ್ಲಿಯನ್ಸ್ ಡ್ಯೂಕನ ಕಚೇರಿಯ ಗುಮಾಸ್ತೆಯಾದ.

1829ರ ಫೆಬ್ರವರಿಯಲ್ಲಿ ಅವನ ‘ಮೂರನೇ ಹೆನ್ರಿ ಮತ್ತು ಅವನ ಆಸ್ಥಾನ’ ರಂಗಕ್ಕೆ ಬಂದು ಹುಚ್ಚೆಬ್ಬಿಸಿತು. ಅದರಲ್ಲಿ ಒಂದು ಕರವಸ್ತ್ರದ ಪಾಡು ನೋಡಿ. ಗೀಸ್ ಡ್ಯೂಕನ ಹೆಂಡತಿಯ ಕರವಸ್ತ್ರ ಇರಬಾರದ ಜಾಗದಲ್ಲಿ ಗಂಡನ ಕೈಗೆ ಸಿಗುತ್ತದೆ. ಅವನು ಉಕ್ಕಿನ ಕೈಗವಸಿನಿಂದ ಅವಳ ತೋಳು ಹಿಂಡಿ, ಅವಳು ಮನಸೋತವನಿಗೆ ಬಾ ಎಂದು ಪತ್ರ ಬರೆಸುತ್ತಾನೆ. ಬಂದವನ ಕತ್ತು ಬಿಗಿಯಲು ಕೊನೆಗೆ ಕೊಡುವುದೂ ಅದೇ ಕರವಸ್ತ್ರವನ್ನೇ!

ಇನ್ನು ಹದಿನೈದು ವರ್ಷ ಮುಂದಕ್ಕೆ ಬನ್ನಿ. ಅಷ್ಟರಲ್ಲಿ ಪ್ಯಾರಿಸ್ಸಿನ ಪತ್ರಿಕೆಗಳು ಚಂದಾ ಅರ್ಧಕ್ಕಿಳಿಸಿ, ಓದುಗರನ್ನು ಹಿಡಿದಿಡಲು ಧಾರಾವಾಹಿಗಳ ಬೆನ್ನುಹತ್ತಿದ್ದವು. 1844ರ ಮಾರ್ಚಿನಿಂದ ‘ಲ ಸಿಯೆಕ್ಲ್’ ಪತ್ರಿಕೆಯಲ್ಲಿ ಮಸ್ಕೆಟಿಯರುಗಳ ಕಥೆ ಶುರುವಾಯಿತು. ಹಳ್ಳಿಯಿಂದ ಬಂದ ದಾರ್ತಾನ್ಯಾನ್ ಯಾರನ್ನೋ ಅಟ್ಟಿಕೊಂಡು ಓಡುವಾಗ ಅಥೋಸನ ಗಾಯಗೊಂಡ ಭುಜಕ್ಕೆ ಡಿಕ್ಕಿ ಹೊಡೆಯುತ್ತಾನೆ. ಪೋರ್ತೋಸನ ನಿಲುವಂಗಿಯೊಳಗೆ ಸಿಕ್ಕಿಕೊಂಡು, ಅವನ ಜಂಭದ ಕತ್ತಿಪಟ್ಟಿಗೆ ಚಿನ್ನದ ಕಸೂತಿ ಇರುವುದು ಮುಂಭಾಗಕ್ಕಷ್ಟೇ ಎಂದು ಕಂಡುಬಿಡುತ್ತಾನೆ. ಆಮೇಲೆ ಅರಾಮಿಸ್ ಬೇಕೆಂದೇ ಕಾಲಡಿ ಮುಚ್ಚಿಟ್ಟಿದ್ದ ಹೆಣ್ಣಿನ ಕರವಸ್ತ್ರವನ್ನು ಎಳೆದೆತ್ತಿ, ಎಲ್ಲರೆದುರು ಅವನ ಕೈಗಿಡುತ್ತಾನೆ. ಮೂವರೂ ದ್ವಂದ್ವಕ್ಕೆ ಕರೆಯುತ್ತಾರೆ: ಹನ್ನೆರಡಕ್ಕೆ, ಒಂದಕ್ಕೆ, ಎರಡಕ್ಕೆ. ಒಬ್ಬನ ನೋವು, ಒಬ್ಬನ ಜಂಭ, ಒಬ್ಬನ ಗುಟ್ಟು. ವರ್ಣನೆಯ ಹೊರೆಯಿಲ್ಲದೆ ಮೂರು ಪಾತ್ರ ನಿಂತುಬಿಟ್ಟವು. ಇದು ನಾಟಕ ಬರೆದು ಪಳಗಿದ ಕೈ. ಕರವಸ್ತ್ರ ಇಲ್ಲಿ ನಗಿಸುತ್ತದೆ, ಅಷ್ಟೇ ವ್ಯತ್ಯಾಸ. ಮಾತುಗಳೂ ಹಾಗೆಯೇ, ಚುಟುಕು, ಎದುರಾಎದುರು. ಸಾಲಿಗಿಷ್ಟು ಎಂದು ಹಣ ಸಿಗುತ್ತಿತ್ತು, ಅದಕ್ಕೇ ಚುಟುಕು ಸಾಲು ಅಂತ ಮೂಗು ಮುರಿದವರೂ ಇದ್ದರು. ಇರಬಹುದು, ಆದರೆ ಹಣದಾಸೆಗೆ ಬರೆದವರೆಲ್ಲ ಹೀಗೆ ಬರೆಯಲಿಲ್ಲವಲ್ಲ.

ಇಲ್ಲೊಂದು ತಕರಾರಿದೆ. ಈ ಕಾದಂಬರಿಗಳನ್ನು ಡ್ಯೂಮಾ ಒಬ್ಬನೇ ಬರೆಯಲಿಲ್ಲ. ಇತಿಹಾಸದ ಮೇಷ್ಟ್ರಾಗಿದ್ದ ಓಗುಸ್ತ್ ಮಕೆ ಹಳೆಯ ಪುಸ್ತಕ ತಡಕಿ, ಕಥೆಯ ಹಂದರ ಕಟ್ಟಿ, ಕರಡು ಬರೆದುಕೊಡುತ್ತಿದ್ದ. ಡ್ಯೂಮಾ ಅದನ್ನು ತಿದ್ದಿ, ಹಿಗ್ಗಿಸಿ, ಮಾತು ತುಂಬಿ ಅಚ್ಚಿಗೆ ಕಳಿಸುತ್ತಿದ್ದ. ಜೀವ ತುಂಬಿದವನು ಡ್ಯೂಮಾ ಎಂದೇ ನಾನೂ ಹೇಳುತ್ತೇನೆ, ಆದರೆ ಮಕೆಯನ್ನು ಬರೀ ಸಹಾಯಕ ಎನ್ನಲು ಬಾಯಿ ಬರುವುದಿಲ್ಲ.

1845ರಲ್ಲಿ ಮಸ್ಕೆಟಿಯರುಗಳು ನಾಟಕವಾಗಿ ರಂಗವೇರಿದಾಗ, ಕರ್ತೃಗಳೆಂದು ಡ್ಯೂಮಾ ಮತ್ತು ಮಕೆ, ಇಬ್ಬರ ಹೆಸರೂ ಬಂತು. ಕಾದಂಬರಿಯ ಮುಖಪುಟದಲ್ಲಿ ಒಬ್ಬನದೇ. ಡ್ಯೂಮಾ ಸ್ವಂತ ರಂಗಮಂದಿರ ಕಟ್ಟಿ, ಅದು ಮುಳುಗಿ, ಸಾಲಗಾರರಿಂದ ತಪ್ಪಿಸಿಕೊಳ್ಳಲು 1851ರಲ್ಲಿ ಬ್ರಸೆಲ್ಸಿಗೆ ಹೋದ. ಬರಬೇಕಾದ ಹಣ ಬಾರದೆ ಮಕೆ ಕೋರ್ಟು ಹತ್ತಿದ. 1858ರ ತೀರ್ಪು ಅವನಿಗೆ ಹಣದ ಪಾಲು ಕೊಟ್ಟಿತು, ಮುಖಪುಟದಲ್ಲಿ ಹೆಸರು ಕೊಡಲಿಲ್ಲ.